ಕೋಳಿಗೂಡಿನ ಕೆಂಪು ನುಸಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆ ಹಿಡಿದ ಮೇಲೆ ಹಿತ್ತಲ ಕೋಳಿ ಸಾಕುವವರಿಂದ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಹೇನು, ನುಸಿ, ಉಣ್ಣೆಯ ಕಾಟದ್ದೇ. ಅದಕ್ಕೇ ಈ ಸಂಚಿಕೆಯ ಅಂಕಣವನ್ನು ಪೂರ್ತಿ ಈ ವಿಷಯಕ್ಕೆ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ಎಂಟು ನಾಟಿ ಕೋಳಿ, ಎರಡು ಗಿರಿರಾಜ ಇವೆ. ಹದಿನೈದು ದಿನದಿಂದ ಸಂಜೆ ಗೂಡಿಗೆ ಹೋಗಲು ಒಪ್ಪುತ್ತಿಲ್ಲ, ಹಲಸಿನ ಮರ ಹತ್ತಿ ಕೂರುತ್ತವೆ. ಹಿಡಿದು ಕೂಡಿದರೆ ರಾತ್ರಿಯಿಡೀ ಗಲಾಟೆ. ಜುಟ್ಟು ಬಿಳಿಚಿದೆ, ಮೊಟ್ಟೆ ಅರ್ಧಕ್ಕಿಳಿದಿದೆ. ಹಗಲು ರೆಕ್ಕೆ ಬಿಡಿಸಿ ನೋಡಿದರೆ ಒಂದು ಹೇನೂ ಕಾಣಲಿಲ್ಲ. ಇದೇನು ರೋಗ? (ತೀರ್ಥಹಳ್ಳಿ ತಾಲ್ಲೂಕಿನ ಓದುಗರು)

ಉತ್ತರ: ಹಗಲು ಕೋಳಿಯ ಮೈಮೇಲೆ ಏನೂ ಕಾಣದಿರುವುದೇ ಇಲ್ಲಿ ದೊಡ್ಡ ಸುಳಿವು. ನೀವು ಬರೆದ ಲಕ್ಷಣಗಳೆಲ್ಲ ಕೆಂಪು ನುಸಿಯ ಕಡೆಗೇ ಬೆರಳು ಮಾಡುತ್ತವೆ. ಇದರ ವೈಜ್ಞಾನಿಕ ಹೆಸರು ಡರ್ಮನಿಸಸ್ ಗ್ಯಾಲಿನೇ. ಹೇನಿನ ಹಾಗೆ ಇದು ಕೋಳಿಯ ಮೈಮೇಲೆ ಬದುಕುವುದಿಲ್ಲ. ಹಗಲೆಲ್ಲ ಗೂಡಿನ ಸಂದಿಗಳಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಹೊರಬಂದು, ಅಡ್ಡಗೋಲಿನ ಮೇಲೆ ನಿದ್ದೆಗೆ ಜಾರಿದ ಕೋಳಿಯ ಕಾಲು ಹತ್ತಿ, ಅರ್ಧ ಗಂಟೆಯಿಂದ ಒಂದು ಗಂಟೆ ರಕ್ತ ಹೀರಿ ಮತ್ತೆ ಸಂದಿಗೆ ಮರಳುತ್ತದೆ. ನಿಮ್ಮ ಕೋಳಿಗಳು ಮರ ಹತ್ತುತ್ತಿರುವುದು ಈ ಕಾಟ ತಪ್ಪಿಸಿಕೊಳ್ಳಲು. ಹಾಗೆಂದು ಅವನ್ನು ಮರದ ಮೇಲೇ ಬಿಡಬೇಡಿ, ಮಲೆನಾಡಿನಲ್ಲಿ ಕಾಡುಬೆಕ್ಕು, ಪುನುಗಿನ ಬೆಕ್ಕು ಕಾದು ಕೂತಿರುತ್ತವೆ.

ಖಚಿತ ಮಾಡಿಕೊಳ್ಳಲು ಔಷಧಿ ಅಂಗಡಿಗೆ ಹೋಗಬೇಕಿಲ್ಲ. ಕತ್ತಲಾಗಿ ಎರಡು ಮೂರು ಗಂಟೆ ಕಳೆದ ಮೇಲೆ ಟಾರ್ಚ್ ಮತ್ತು ಒದ್ದೆ ಬಿಳಿ ಬಟ್ಟೆ ಹಿಡಿದು ಗೂಡಿಗೆ ಹೋಗಿ. ಅಡ್ಡಗೋಲಿನ ಅಡಿಭಾಗವನ್ನು, ಅದು ಗೋಡೆಗೆ ಕೂಡುವ ತುದಿಯನ್ನು ಬಟ್ಟೆಯಿಂದ ಗಟ್ಟಿಯಾಗಿ ಒರೆಸಿ. ಬಟ್ಟೆಯ ಮೇಲೆ ರಕ್ತದ ಗೆರೆ ಮೂಡಿದರೆ ಅನುಮಾನವೇ ಬೇಡ. ಹಗಲಾದರೆ ಕೋಲಿನ ತುದಿ ಎತ್ತಿ ನೋಡಿ. ಉಪ್ಪು ಮೆಣಸಿನಪುಡಿ ಬೆರೆಸಿ ಚೆಲ್ಲಿದ ಹಾಗೆ ಬೂದುಬಣ್ಣದ ಪುಡಿ ಇರುತ್ತದೆ. ಅದು ನುಸಿಯ ಹಿಕ್ಕೆ, ಕಳಚಿದ ಚರ್ಮ ಮತ್ತು ಮೊಟ್ಟೆ. ಚಾಕುವಿನ ತುದಿಯಿಂದ ಸಂದಿ ಕೆದಕಿದರೆ ನುಸಿಗಳು ಗುಂಪುಗುಂಪಾಗಿ ಹೊರಬರುತ್ತವೆ. ಒಂದೊಂದೂ 1 ಮಿಲಿಮೀಟರಿಗಿಂತ ಚಿಕ್ಕದು. ಹಸಿದಿದ್ದರೆ ಬೂದು ಬಿಳುಪು, ಹೊಟ್ಟೆ ತುಂಬಿದ್ದರೆ ಕಡುಗೆಂಪು. ಮೊಟ್ಟೆಯ ಸಿಪ್ಪೆಯ ಮೇಲೆ ಸಣ್ಣ ರಕ್ತದ ಚುಕ್ಕೆಗಳಿದ್ದರೆ ಅದೂ ಸಾಕ್ಷಿಯೇ: ಬುಟ್ಟಿಯಲ್ಲಿದ್ದ ನುಸಿ ಮೊಟ್ಟೆಯ ಅಡಿ ಸಿಕ್ಕಿ ಜಜ್ಜಿದ ಗುರುತು.

ಒಂದು ನುಸಿ ಒಂದು ಸಲಕ್ಕೆ ಕುಡಿಯುವುದು ಸುಮಾರು 0.2 ಮಿಲಿಗ್ರಾಂ ರಕ್ತ. ಹತ್ತು ಸಾವಿರ ನುಸಿ ಸೇರಿದರೆ 2 ಗ್ರಾಂ. ಗೂಡು ಕೆಟ್ಟು ಹೋದರೆ ನುಸಿಯ ಲೆಕ್ಕ ಲಕ್ಷ ದಾಟುತ್ತದೆ. ಒಂದೂವರೆ ಕಿಲೋ ತೂಕದ ಹೇಂಟೆಯ ಮೈಯಲ್ಲಿರುವ ರಕ್ತವೇ 100 ಗ್ರಾಮಿನ ಆಸುಪಾಸು. ಜುಟ್ಟು ಬಿಳಿಚುವುದು, ಮೊಟ್ಟೆ ನಿಲ್ಲುವುದು, ಎಳೆಯ ಮರಿಗಳು ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿರುವುದು ಏಕೆಂದು ಇದರಿಂದಲೇ ತಿಳಿಯುತ್ತದೆ. ಕೋಳಿಯಿಂದ ಕೋಳಿಗೆ ಸಾಲ್ಮೊನೆಲ್ಲಾದಂಥ ರೋಗಾಣುಗಳನ್ನೂ ಇದು ದಾಟಿಸಬಲ್ಲದು.

ಒರೆಸಿದ ಬಟ್ಟೆ ಸ್ವಚ್ಛವಾಗಿಯೇ ಉಳಿದರೆ ಜುಟ್ಟು ಬಿಳಿಚಲು ಬೇರೆ ಕಾರಣ ಹುಡುಕಬೇಕು. ಜಂತುಹುಳು, ರಕ್ತಭೇದಿ ಎರಡರಲ್ಲೂ ಹೀಗಾಗುತ್ತದೆ. ಹಿಕ್ಕೆಯ ಮಾದರಿಯನ್ನು ಪಶು ಆಸ್ಪತ್ರೆಗೆ ಒಯ್ದು ಪರೀಕ್ಷೆ ಮಾಡಿಸಿ.

ಪ್ರಶ್ನೆ: ಕೋಳಿಗಳ ಮೈಗೆಲ್ಲ ಪುಡಿ ಹಚ್ಚಿ ಆಯಿತು, ಎರಡು ಸಲ ಔಷಧಿ ನೀರಿನಲ್ಲಿ ಅದ್ದಿಯೂ ಆಯಿತು. ವಾರದೊಳಗೆ ನುಸಿ ಮತ್ತೆ ಹಾಜರ್. ಮರದ ಹಲಗೆ, ಬಿದಿರಿನ ಗೂಡು, ಮೇಲೆ ಹಂಚು. ಬುಡಸಮೇತ ತೆಗೆಯುವುದು ಹೇಗೆ? (ಶಿರಸಿಯ ಓದುಗರು)

ಉತ್ತರ: ನೀವು ಔಷಧಿ ಹಾಕಿದ್ದು ಕೋಳಿಗೆ, ನುಸಿ ಇರುವುದು ಗೂಡಿನಲ್ಲಿ. ಹಗಲು ಹೊತ್ತಿನಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ನುಸಿ ಸಂದಿಯೊಳಗಿರುತ್ತದೆ. ಕೋಳಿಯನ್ನು ಎಷ್ಟು ಅದ್ದಿದರೂ ಅವಕ್ಕೆ ತಗಲುವುದಿಲ್ಲ. ಚಿಕಿತ್ಸೆ ಗೂಡಿಗೆ ಮಾಡಬೇಕು, ಅದೂ ಮೂರು ಸಲ.

ಮೂರು ಸಲ ಏಕೆಂದರೆ, ಬಿಸಿಲು ಮಳೆ ಬೆರೆತ ನಮ್ಮ ಹವೆಯಲ್ಲಿ ನುಸಿಯ ಮೊಟ್ಟೆ ಎರಡು ಮೂರು ದಿನಕ್ಕೆ ಒಡೆಯುತ್ತದೆ. ಮರಿ ಬೆಳೆದು ತಾನೂ ಮೊಟ್ಟೆಯಿಡಲು ಒಟ್ಟು ಏಳರಿಂದ ಹತ್ತು ದಿನ ಸಾಕು. ಮೊದಲ ಸಲ ಏನೇ ಹಾಕಿದರೂ ಮೊಟ್ಟೆಗಳಲ್ಲಿ ಬಹುಪಾಲು ಉಳಿಯುತ್ತವೆ. ಅವುಗಳಿಂದ ಹೊರಬಂದವು ಮೊಟ್ಟೆಯಿಡುವ ಮೊದಲೇ ಎರಡನೇ ಸಲ, ತಪ್ಪಿಸಿಕೊಂಡವಕ್ಕೆ ಮೂರನೇ ಸಲ. ಮೊದಲ ದಿನ, ಏಳನೇ ದಿನ, ಹದಿನಾಲ್ಕನೇ ದಿನ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ನಮಗೆ ಬರುವ ಪತ್ರಗಳಲ್ಲಿ "ಮಾಡಿದೆ, ಹೋಗಲಿಲ್ಲ" ಎನ್ನುವವರು ಹೆಚ್ಚಾಗಿ ಒಂದೇ ಸಲ ಮಾಡಿ ಬಿಟ್ಟವರು.

ಬಿಸಿಲಿರುವ ದಿನ ನೋಡಿ ಬೆಳಿಗ್ಗೆಯೇ ಶುರು ಮಾಡಿ, ಸಂಜೆ ಕೋಳಿ ಹೋಗುವಷ್ಟರಲ್ಲಿ ಗೂಡು ಒಣಗಿರಬೇಕು. ಹೊಟ್ಟು, ಹುಲ್ಲು, ಹಿಕ್ಕೆ ಎಲ್ಲವನ್ನೂ ಗೋಣಿಗೋ ಪ್ಲಾಸ್ಟಿಕ್ ಚೀಲಕ್ಕೋ ತುಂಬಿ ಬಾಯಿ ಕಟ್ಟಿ. ಗೂಡಿನ ಪಕ್ಕದಲ್ಲೇ ಗುಡ್ಡೆ ಹಾಕಿದರೆ ನುಸಿ ರಾತ್ರಿ ನಡೆದುಕೊಂಡು ವಾಪಸ್ ಬರುತ್ತದೆ. ಒಣಗಿದ್ದರೆ ಸುಡಿ, ಇಲ್ಲವಾದರೆ ದೂರದ ಗೊಬ್ಬರ ಗುಂಡಿಯ ನಡುಭಾಗಕ್ಕೆ ಹಾಕಿ ಮೇಲೆ ಹಸಿ ಸಗಣಿ, ಸೊಪ್ಪು ಮುಚ್ಚಿ. ಗೊಬ್ಬರ ಬಿಸಿಯೇರಿದರೆ ನುಸಿ ಸಾಯುತ್ತದೆ. 45 ಡಿಗ್ರಿ ದಾಟಿದ ಶಾಖವನ್ನು ಅದು ತಾಳುವುದಿಲ್ಲ.

ಬಳಿಕ ಅಡ್ಡಗೋಲು, ಮೊಟ್ಟೆ ಬುಟ್ಟಿ, ಬಿಚ್ಚಲು ಬರುವ ಹಲಗೆ ಎಲ್ಲ ಹೊರಗೆ ತನ್ನಿ. ಮೊದಲು ತಂತಿ ಬ್ರಷ್ಷಿನಿಂದ ಒಣಗಿದ ಹಾಗೆಯೇ ಉಜ್ಜಿ, ಆಮೇಲೆ ಕುದಿಯುವ ನೀರು. ಒಲೆಯಿಂದ ಇಳಿಸಿದ ನೀರನ್ನು ಅಂಗಳ ದಾಟಿಸುವಷ್ಟರಲ್ಲಿ ಶಾಖ ಬಹಳ ಇಳಿದಿರುತ್ತದೆ. ಒಲೆಯನ್ನೇ ಗೂಡಿನ ಹತ್ತಿರ ಹೂಡಿ, ಉದ್ದ ಹಿಡಿಯ ಚೊಂಬಿನಿಂದ ಸಂದಿಗೆ ನಿಧಾನವಾಗಿ ಸುರಿಯಿರಿ. ಹಂಚನ್ನೂ ಬಿಡಬೇಡಿ. ಪಕಾಸು ಹಂಚಿಗೆ ತಾಗುವ ಗೆರೆಯಲ್ಲಿ, ಹಲ್ಲಿಯೂ ತಲುಪದ ಜಾಗದಲ್ಲಿ ನುಸಿಯ ಗುಂಪು ಇರುತ್ತದೆ. ಬೇಸಿಗೆಯಾದರೆ ಬಿಚ್ಚಿದ ಸಾಮಾನನ್ನೆಲ್ಲ ತಗಡಿನ ಮೇಲಿಟ್ಟು ಕಪ್ಪು ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಕಲ್ಲು ಹೇರಿ, ನೆತ್ತಿ ಬಿಸಿಲಲ್ಲಿ ದಿನವಿಡೀ ಬಿಡಿ. ಗ್ಯಾಸ್ ಟಾರ್ಚ್ ಹಿಡಿಯುವುದು ಕಬ್ಬಿಣ, ಕಲ್ಲು, ಸಿಮೆಂಟಿಗೆ ಮಾತ್ರ. ಬಿದಿರು, ಸೋಗೆ, ಹುಲ್ಲಿನ ಹತ್ತಿರ ಬೇಡವೇ ಬೇಡ.

ಬಿದಿರಿನ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಕತ್ತರಿಸಿದ ಬಿದಿರಿನ ತೆರೆದ ತುದಿ, ಗೆಣ್ಣಿನ ಹತ್ತಿರದ ಸೀಳು, ತಂತಿ ಸುತ್ತಿದ ಕಟ್ಟಿನ ಅಡಿ, ಇವು ನುಸಿಯ ಕೋಟೆ. ಮೇಲಿಂದ ಎಷ್ಟು ಸಿಂಪಡಿಸಿದರೂ ಒಳಗೆ ಹನಿ ಹೋಗದು. 10 ಮಿಲಿಯ ಸಿರಿಂಜಿಗೆ ದಪ್ಪ ಸೂಜಿ ಹಾಕಿ, ಕೆಳಗೆ ಹೇಳುವ ಬೇವಿನ ಮಿಶ್ರಣವನ್ನು ಪ್ರತಿ ಸೀಳಿಗೂ ಚುಚ್ಚಿ, ಹೊರಗೆ ತೊಟ್ಟಿಕ್ಕುವ ತನಕ ತುಂಬಿ. ತೆರೆದ ತುದಿಗೆ ಸಿಮೆಂಟ್ ಅಥವಾ ಮೇಣ ಮೆತ್ತಿ ಮುಚ್ಚಿ. ಹಳೆಯ ಸೀಳು ಬಿದಿರಾದರೆ ಇಷ್ಟು ಶ್ರಮ ಬೇಡ, ಸುಟ್ಟು ಹೊಸದು ಹಾಕಿ.

ಮಿಶ್ರಣ ಹೀಗೆ: ಗಾಣದ ಬೇವಿನ ಎಣ್ಣೆ 30 ಮಿಲಿ, ಪಾತ್ರೆ ತೊಳೆಯುವ ದ್ರವ ಸೋಪು 10 ಮಿಲಿ, ಉಗುರುಬೆಚ್ಚಗಿನ ನೀರು 1 ಲೀಟರ್. ಎಣ್ಣೆಗೆ ಮೊದಲು ಸೋಪು ಹಾಕಿ ಬಿಳಿಯ ಕೆನೆಯಂತಾಗುವವರೆಗೆ ಕಲಕಿ, ಆಮೇಲೆ ನೀರನ್ನು ಸ್ವಲ್ಪಸ್ವಲ್ಪವೇ ಸೇರಿಸಿ. ನೀರಿಗೇ ಎಣ್ಣೆ ಸುರಿದರೆ ಬೆರೆಯುವುದಿಲ್ಲ. ಪಂಪಿನಲ್ಲಿ ಮೊದಲು ಬರೀ ನೀರು, ಕೊನೆಗೆ ಬರೀ ಎಣ್ಣೆ ಬಂದು ನಾಳ ಕಟ್ಟಿಕೊಳ್ಳುತ್ತದೆ. 4 ಅಡಿ ಉದ್ದ, 3 ಅಡಿ ಅಗಲದ ಗೂಡಿಗೆ 3ರಿಂದ 4 ಲೀಟರ್ ಬೇಕಾದೀತು. ಸಂದಿ ತೊಯ್ದು ತೊಟ್ಟಿಕ್ಕಬೇಕು, ಮಂಜಿನಂತೆ ಹಾರಿಸಿದರೆ ಪ್ರಯೋಜನವಿಲ್ಲ. ಕಲಸಿದ್ದನ್ನು ಅದೇ ದಿನ ಮುಗಿಸಿ.

ಗೋಡೆ ಮಣ್ಣಿನದೋ ಕಲ್ಲಿನದೋ ಆಗಿದ್ದರೆ ಬಿರುಕು ಮುಚ್ಚಿ ಸುಣ್ಣ ಬಳಿಯಿರಿ. ಸುಟ್ಟ ಸುಣ್ಣ 1 ಕಿಲೋಗೆ ನೀರು 5 ಲೀಟರ್, ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ಎರಡು ಕೈ. ಸುಣ್ಣ ಅರಳುವಾಗ ಕುದಿಯುತ್ತದೆ. ಕಬ್ಬಿಣದ ಇಲ್ಲವೇ ಮಣ್ಣಿನ ಪಾತ್ರೆಯನ್ನೇ ಬಳಸಿ, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಸುಣ್ಣ ಬಳಿದ ಜಾಗಕ್ಕೆ ಬೇವಿನ ಮಿಶ್ರಣ ಹೊಡೆಯಬೇಡಿ, ಕ್ಷಾರದಲ್ಲಿ ಬೇವಿನ ಸತ್ವ ಬೇಗ ಕೆಡುತ್ತದೆ. ಗೋಡೆಗೆ ಸುಣ್ಣ, ಮರಕ್ಕೆ ಬೇವು ಎಂದಿಟ್ಟುಕೊಳ್ಳಿ.

ಸೀಮೆಎಣ್ಣೆ ಸುರಿಯುವ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. ನುಸಿ ಸಾಯುವುದು ನಿಜ. ಆದರೆ ಕೋಳಿಯ ಪಾದದ ಚರ್ಮ ಸುಡುತ್ತದೆ, ಮುಚ್ಚಿದ ಗೂಡಿನಲ್ಲಿ ಅದರ ಆವಿ ಕೋಳಿಯ ಶ್ವಾಸಕ್ಕೆ ಕೆಟ್ಟದ್ದು, ಬೆಂಕಿಯ ಅಪಾಯ ಬೇರೆ.

ಪ್ರಶ್ನೆ: ರಾಗಿ ಕಣದ ಪಕ್ಕದ ಕಲ್ಲುಗೋಡೆಯಲ್ಲಿ ಕೋಳಿ ಗೂಡಿದೆ. ಗೋಡೆ ಸಂದಿಯಲ್ಲಿ ಚಪ್ಪಟೆ, ಕಂದು ಬಣ್ಣದ, ಉಗುರಿನಷ್ಟು ದೊಡ್ಡ ಹುಳ ಸಿಕ್ಕಿದವು. ಎರಡು ಕೋಳಿ ಕಾಲು ಎಳೆಯುತ್ತಾ ಹಸಿರು ಹಿಕ್ಕೆ ಹಾಕಿ ಸತ್ತವು. ಇದೂ ಕೆಂಪು ನುಸಿಯೇ? (ಚಿಕ್ಕನಾಯಕನಹಳ್ಳಿಯ ಓದುಗರು)

ಉತ್ತರ: ಅಲ್ಲ. ಅದು ಕೋಳಿ ಉಣ್ಣೆ, ಆರ್ಗಸ್ ಪರ್ಸಿಕಸ್. ನಿಮ್ಮ ಕಡೆಯ ಒಣಸೀಮೆಯ ಕಲ್ಲುಗೋಡೆ ಅದಕ್ಕೆ ಹೇಳಿ ಮಾಡಿಸಿದ ಮನೆ. ಅದೂ ರಾತ್ರಿ ಬಂದು ರಕ್ತ ಹೀರಿ ಹಗಲು ಅಡಗುತ್ತದೆ. ಆದರೆ ಗಾತ್ರದಲ್ಲಿ ನುಸಿಗಿಂತ ಎಷ್ಟೋ ಪಟ್ಟು ದೊಡ್ಡದು, ಆಹಾರವಿಲ್ಲದೆ ವರ್ಷಗಟ್ಟಲೆ ಬದುಕುತ್ತದೆ. ಅದರ ಮರಿಗಳು ಮಾತ್ರ ಕೋಳಿಯ ರೆಕ್ಕೆಯ ಅಡಿ ವಾರದವರೆಗೆ ಕಚ್ಚಿಕೊಂಡೇ ಇರುತ್ತವೆ, ಕಪ್ಪು ಕಾಳುಗಳಂತೆ ಕಾಣುತ್ತವೆ.

ನೀವು ಬರೆದ ಸಾವು ಚಿಂತೆಯ ವಿಷಯ. ಈ ಉಣ್ಣೆ ಸ್ಪೈರೋಕೀಟೋಸಿಸ್ ಎಂಬ ಜ್ವರ ಹರಡುತ್ತದೆ. ರೆಕ್ಕೆ ಜೋಲುವುದು, ಹಸಿರು ಹಿಕ್ಕೆ, ಕಾಲು ಸೋಲುವುದು ಅದರ ಲಕ್ಷಣ. ಪೆನಿಸಿಲಿನ್ ಜಾತಿಯ ಚುಚ್ಚುಮದ್ದಿಗೆ ಬೇಗ ಬಗ್ಗುವ ರೋಗ, ಆದರೆ ಹೊತ್ತು ಮೀರಬಾರದು. ಕೊಕ್ಕರೆ ರೋಗದಲ್ಲೂ (ರಾಣಿಖೇತ್) ಹಸಿರು ಹಿಕ್ಕೆ, ಕಾಲು ಸೋಲು ಇರುವುದರಿಂದ ನೀವೇ ತೀರ್ಮಾನಿಸಬೇಡಿ. ಇನ್ನೊಂದು ಕೋಳಿ ಮಂಕಾದ ಕೂಡಲೇ ಪಶುವೈದ್ಯರಿಗೆ ತೋರಿಸಿ, ಆಸ್ಪತ್ರೆ ದೂರವಿದ್ದರೆ 1962 ಸಹಾಯವಾಣಿಗೆ ಕರೆ ಮಾಡಿ. ಗೋಡೆಯ ಸಂದಿಯನ್ನು ಕೆದಕಿ ಉಣ್ಣೆ ತೆಗೆದು ಸುಟ್ಟು, ಸಿಮೆಂಟ್ ಗಾರೆಯಿಂದ ಪೂರ್ತಿ ಮುಚ್ಚುವುದೇ ಶಾಶ್ವತ ದಾರಿ. ಅಥವಾ ಗೂಡನ್ನು ಗೋಡೆಯಿಂದ ಬಿಡಿಸಿ ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸಿ.

ಪ್ರಶ್ನೆ: ಹೇನು ಯಾವುದು, ನುಸಿ ಯಾವುದು ಎಂದು ಗೊತ್ತುಮಾಡುವುದು ಹೇಗೆ? (ಹಾವೇರಿಯ ಓದುಗರು)

ಉತ್ತರ: ಹಗಲು ಕೋಳಿಯ ಬಾಲದ ಕೆಳಗಿನ ಗರಿ ಬಿಡಿಸಿ. ಒಣಹುಲ್ಲಿನ ಬಣ್ಣದ, ಆರು ಕಾಲಿನ, ಬೆಳಕು ಬಿದ್ದೊಡನೆ ಓಡುವ ಹುಳ ಕಂಡರೆ, ಗರಿಯ ಬುಡದಲ್ಲಿ ಬಿಳಿ ಗಂಟಿನಂತೆ ಮೊಟ್ಟೆಗಳು ಅಂಟಿದ್ದರೆ ಅದು ಹೇನು. ಗರಿಯ ಬುಡ ಕಪ್ಪಗೆ ಜಿಡ್ಡಾಗಿ, ನಡುವೆ ಸೂಜಿಮೊನೆಯಷ್ಟು ಚುಕ್ಕೆಗಳು ಹರಿದಾಡಿದರೆ ಹಗಲೂ ಮೈಮೇಲೆ ಇರುವ ಇನ್ನೊಂದು ಜಾತಿಯ ನುಸಿ. ಇವೆರಡಕ್ಕೂ ಕೋಳಿಯ ಮೈಗೇ ಔಷಧಿ ಬೇಕು, ಹತ್ತು ದಿನಕ್ಕೊಮ್ಮೆಯಂತೆ ಎರಡು ಸಲ. ಮೈಮೇಲೆ ಏನೂ ಇಲ್ಲದೆ ಅಡ್ಡಗೋಲಿನ ಅಡಿ ಇದ್ದರೆ ಕೆಂಪು ನುಸಿ.

ಪ್ರಶ್ನೆ: ಕಾಲಿನ ಹುರುಪೆ ಎದ್ದು ಸುಣ್ಣದ ಹಾಗೆ ಬಿಳಿ ಪದರ ಕಟ್ಟಿದೆ. ಇದಕ್ಕೂ ಅದೇ ಔಷಧಿಯೇ? (ಕೋಲಾರದ ಓದುಗರು)

ಉತ್ತರ: ಇದು ಚರ್ಮದೊಳಗೆ ಕೊರೆದು ಕೂರುವ ಬೇರೆ ನುಸಿ. ಬೆಚ್ಚಗಿನ ಸೋಪು ನೀರಿನಲ್ಲಿ ಕಾಲನ್ನು ಹತ್ತು ನಿಮಿಷ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ಒರೆಸಿ, ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ದಪ್ಪಗೆ ಹಚ್ಚಿ. ವಾರಕ್ಕೆ ಎರಡು ಸಲ, ಮೂರು ನಾಲ್ಕು ವಾರ. ಹುರುಪೆಯನ್ನು ಉಗುರಿನಿಂದ ಕೀಳಬೇಡಿ, ರಕ್ತ ಬರುತ್ತದೆ.

ಪ್ರಶ್ನೆ: ಕಾವಿಗೆ ಕೂರಿಸಿದ ಕೋಳಿ ಹನ್ನೆರಡನೇ ದಿನಕ್ಕೆ ಮೊಟ್ಟೆ ಬಿಟ್ಟೆದ್ದಿತು. ಬುಟ್ಟಿಯಲ್ಲಿ ಸಣ್ಣ ಹುಳಗಳು ಗಿಜಿಗುಡುತ್ತಿವೆ, ಕೈಯಿಟ್ಟರೆ ತೋಳಿನವರೆಗೂ ಹತ್ತುತ್ತವೆ. ಮೊಟ್ಟೆ ಉಳಿಸಬಹುದೇ? (ಮಂಡ್ಯ ಜಿಲ್ಲೆಯ ಓದುಗರು)

ಉತ್ತರ: ಮೊಟ್ಟೆ ತಣ್ಣಗಾಗಿ ಎಷ್ಟು ಹೊತ್ತಾಯಿತು ಎನ್ನುವುದರ ಮೇಲಿದೆ. ಒಂದೆರಡು ಗಂಟೆಯಷ್ಟೇ ಆಗಿದ್ದರೆ ಪ್ರಯತ್ನ ಬಿಡಬೇಡಿ. ಬೇರೆ ಕೋಳಿ ಕಾವಿಗೆ ಬಂದಿದ್ದರೆ ಅದರಡಿ ಇಡಿ, ಇಲ್ಲವೇ ಅದೇ ಕೋಳಿಯನ್ನು ಹೊಸ ಬುಟ್ಟಿಯಲ್ಲಿ ರಾತ್ರಿ ಹೊತ್ತು ಕೂರಿಸಿ. ಮೊಟ್ಟೆಗಳನ್ನು ಒಣ ಬಟ್ಟೆಯಲ್ಲಿ ಒಂದೊಂದಾಗಿ ಒರೆಸಿ ನುಸಿ ತೆಗೆಯಿರಿ. ನೀರಿನಲ್ಲಿ ತೊಳೆಯಬಾರದು, ಎಣ್ಣೆ ಹಚ್ಚಬಾರದು, ಸಿಪ್ಪೆಯ ರಂಧ್ರ ಮುಚ್ಚಿದರೆ ಒಳಗಿನ ಮರಿ ಉಸಿರುಗಟ್ಟುತ್ತದೆ. ಮೂರು ದಿನ ಬಿಟ್ಟು ಟಾರ್ಚ್ ಬೆಳಕಿನಲ್ಲಿ ಮೊಟ್ಟೆ ಹಿಡಿದು ನೋಡಿ, ನರಗಳು ಕೆಂಪಗೆ ಕಾಣದೆ ಮಸುಕು ಉಂಗುರವಷ್ಟೇ ಉಳಿದಿದ್ದರೆ ತೆಗೆದುಹಾಕಿ.

ಕಾವು ಕೋಳಿಗೆ ಈ ಕಾಟ ಹೆಚ್ಚಲು ಕಾರಣವಿದೆ. ಇಪ್ಪತ್ತೊಂದು ದಿನ ಅದು ಹೆಚ್ಚು ಕದಲುವುದಿಲ್ಲ, ಬುಟ್ಟಿ ಬೆಚ್ಚಗೆ ಕತ್ತಲಾಗಿರುತ್ತದೆ; ನುಸಿಗೆ ರಾತ್ರಿ ಹಗಲಿನ ವ್ಯತ್ಯಾಸವೇ ಇರುವುದಿಲ್ಲ. ನಮ್ಮಲ್ಲಿ ಕಾವಿನ ಬುಟ್ಟಿಯಲ್ಲಿ ಕೆಂಪು ನುಸಿಯ ಜೊತೆಗೆ ಉಷ್ಣವಲಯದ ಕೋಳಿ ನುಸಿ ಆರ್ನಿಥೊನಿಸಸ್ ಬರ್ಸಾ ಕೂಡ ಸಿಗುತ್ತದೆ. ಎರಡಕ್ಕೂ ಉಪಾಯ ಒಂದೇ.

ಮುಂದಿನ ಸಲ ಹಳೆಯ ಮಂಕರಿ ಬೇಡ. ಹೆಣಿಗೆಯ ಪ್ರತಿ ಎಳೆಯ ಅಡಿ ನುಸಿಯ ಮೊಟ್ಟೆ ಉಳಿದಿರುತ್ತದೆ. ರಟ್ಟಿನ ಪೆಟ್ಟಿಗೆ ಸಾಕು, ಮರಿ ಎದ್ದ ದಿನ ಹಾಸಿನ ಸಮೇತ ಸುಡಬಹುದು. ಅಡಿಗೆ ಎರಡು ಬೆರಳು ಒಣ ಮರಳು, ಮೇಲೆ ಸೋಸಿದ ಸೌದೆ ಬೂದಿಯ ತೆಳು ಪದರ, ಅದರ ಮೇಲೆ ಲಕ್ಕಿ ಸೊಪ್ಪು ಅಥವಾ ಬೇವಿನ ಸೊಪ್ಪು, ಕೊನೆಗೆ ಒಣ ಭತ್ತದ ಹುಲ್ಲು. ಸೊಪ್ಪು ನೆರಳಲ್ಲಿ ಬಾಡಿದ್ದಿರಲಿ. ಹಸಿಯಾಗಿ ಹಾಕಿದರೆ ತೇವವಾಗಿ ಬೂಸ್ಟು ಹಿಡಿಯುತ್ತದೆ. ಸೊಪ್ಪಿನಿಂದ ನುಸಿ ಹತ್ತಿರ ಬರುವುದು ಕಡಿಮೆಯಾಗುತ್ತದೆ ಅಷ್ಟೇ, ಆಗಲೇ ತುಂಬಿಕೊಂಡಿದ್ದರೆ ಸೊಪ್ಪಿನಿಂದ ಹೋಗುವುದಿಲ್ಲ. ಕೋಳಿ ಮೇವಿಗೆ ಎದ್ದಾಗ, ಅಂದರೆ ದಿನಕ್ಕೊಮ್ಮೆ, ಹಾಸು ಎತ್ತಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಹೊಗೆಸೊಪ್ಪು ಹಾಸುವವರಿದ್ದಾರೆ, ಅದರ ನಿಕೋಟಿನ್ ಮರಿಗಳಿಗೆ ವಿಷ.

ಪ್ರಶ್ನೆ: ಗೊಬ್ಬರದಂಗಡಿಯಲ್ಲಿ ಬೆಳೆಗೆ ಹೊಡೆಯುವ ಮೊನೊಕ್ರೊಟೊಫಾಸ್ ಕೊಟ್ಟು, ತೆಳುವಾಗಿ ಕಲಸಿ ಗೂಡಿಗೆ ಹೊಡೆಯಿರಿ ಎಂದಿದ್ದಾರೆ. ಹೊಡೆಯಬಹುದೇ? (ಹಾಸನದ ಓದುಗರು)

ಉತ್ತರ: ಬೇಡ. ಹಕ್ಕಿಗಳಿಗೆ ಅತಿ ವಿಷಕಾರಿಯಾದ ಕೀಟನಾಶಕಗಳಲ್ಲಿ ಮೊನೊಕ್ರೊಟೊಫಾಸ್ ಒಂದು. ತೆಳುವಾದರೂ ನಿಮ್ಮ ಕೋಳಿಗಳು ಬೆಳಗಾಗುವಷ್ಟರಲ್ಲಿ ಸತ್ತಿರಬಹುದು, ಮೊಟ್ಟೆ ತಿನ್ನುವ ನಿಮ್ಮ ಮಕ್ಕಳಿಗೂ ಅದು ಸೇರುತ್ತದೆ. ಕ್ಲೋರ್‌ಪೈರಿಫಾಸ್ ಸೇರಿದಂತೆ ಬೆಳೆಯ ಯಾವ ಔಷಧಿಯೂ ಕೋಳಿಗೂಡಿಗೆ ಸಲ್ಲದು.

ಬೇವು, ಬಿಸಿನೀರಿನಿಂದ ಹಿಡಿತಕ್ಕೆ ಬರದಿದ್ದರೆ ಪಶುಔಷಧಿ ಅಂಗಡಿಯಲ್ಲಿ ಸಿಗುವ ಡೆಲ್ಟಾಮೆಥ್ರಿನ್ ಇದೆ. ಮಿಲಿಗೆ 12.5 ಮಿಲಿಗ್ರಾಂ ಶಕ್ತಿಯದ್ದಾದರೆ ನುಸಿಗೆ ಲೀಟರ್ ನೀರಿಗೆ 2ರಿಂದ 4 ಮಿಲಿ ಬಳಸುವುದು ರೂಢಿ. ಬಾಟಲಿಯ ಚೀಟಿ ಓದಿ, ಪಶುವೈದ್ಯರನ್ನು ಕೇಳಿಯೇ ಪ್ರಮಾಣ ನಿಗದಿ ಮಾಡಿ. ಖಾಲಿ ಗೂಡಿಗೆ ಮಾತ್ರ ಹೊಡೆಯಿರಿ, ಮೇವು ನೀರಿನ ಪಾತ್ರೆ ಹೊರಗಿಟ್ಟು, ಪೂರ್ತಿ ಒಣಗಿದ ಮೇಲೆ ಕೋಳಿ ಬಿಡಿ. ಮೊಟ್ಟೆ ಎಷ್ಟು ದಿನ ತಿನ್ನಬಾರದು ಎಂದು ಅದೇ ವೈದ್ಯರಿಂದ ಬರೆಸಿಕೊಳ್ಳಿ. ಪಂಪು ತೊಳೆದ ನೀರು ಕೆರೆಗೆ, ಹಳ್ಳಕ್ಕೆ ಹೋದರೆ ಮೀನು ಸಾಯುತ್ತದೆ. ಒದ್ದೆ ಗೂಡಿನಲ್ಲಿ ಬೆಕ್ಕು ಮಲಗಿದರೂ ಅಪಾಯ. ಈ ಗುಂಪಿನ ಔಷಧಿಗಳಿಗೆ ನುಸಿ ಹಲವು ದೇಶಗಳಲ್ಲಿ ಒಗ್ಗಿಹೋಗಿದೆ. ಎರಡು ಸಲ ಸರಿಯಾಗಿ ಹೊಡೆದರೂ ಕಡಿಮೆಯಾಗದಿದ್ದರೆ ಪ್ರಮಾಣ ಏರಿಸುವುದು ದಾರಿಯಲ್ಲ, ವೈದ್ಯರನ್ನು ಕೇಳಿ ಔಷಧಿಯ ಗುಂಪನ್ನೇ ಬದಲಿಸಬೇಕು.

ನಾಯಿಯ ಉಣ್ಣೆಗೆ ಹಾಕುವ ಫಿಪ್ರೊನಿಲ್ ಬಗ್ಗೆಯೂ ಕೆಲವರು ಕೇಳಿದ್ದೀರಿ. 2017ರಲ್ಲಿ ನೆದರ್‌ಲ್ಯಾಂಡ್ಸ್, ಬೆಲ್ಜಿಯಂಗಳ ಕೋಳಿ ಫಾರಂಗಳಲ್ಲಿ ಕೆಂಪು ನುಸಿಗೆಂದು ಕಾನೂನುಬಾಹಿರವಾಗಿ ಇದನ್ನು ಬಳಸಿ, ಅದು ಮೊಟ್ಟೆಯಲ್ಲಿ ಸೇರಿ, ಯುರೋಪಿನಾದ್ಯಂತ ಲಕ್ಷಾಂತರ ಮೊಟ್ಟೆಗಳನ್ನು ಮಾರುಕಟ್ಟೆಯಿಂದ ವಾಪಸ್ ಪಡೆಯಬೇಕಾಯಿತು. ಮೊಟ್ಟೆಯ ಕೋಳಿಗೆ ಅದು ಖಂಡಿತ ಬೇಡ.

ಪ್ರಶ್ನೆ: ಧೂಳುಸ್ನಾನಕ್ಕೆ ಬೂದಿ ಇಟ್ಟರೆ ನುಸಿ ಹೋಗುತ್ತದೆಯೇ? ಡಯಾಟಮ್ ಮಣ್ಣಿನ ಪುಡಿ ತರಿಸಬೇಕೇ? (ಧಾರವಾಡದ ಓದುಗರು)

ಉತ್ತರ: ಧೂಳುಸ್ನಾನ ಹೇನಿಗೆ, ಮೈಮೇಲಿರುವ ನುಸಿಗೆ ಒಳ್ಳೆಯದು. ಎರಡು ಅಡಿ ಚೌಕದ, ಮುಕ್ಕಾಲು ಅಡಿ ಆಳದ ಗುಂಡಿ, ಮಳೆ ಬೀಳದ ಜಾಗ. ಮರಳು, ಒಣ ಮಣ್ಣು, ಸೌದೆ ಬೂದಿ ಸಮಪಾಲು. ಪ್ಲಾಸ್ಟಿಕ್ ಉರಿಸಿದ ಬೂದಿ ಬೇಡ. ಕೆಂಪು ನುಸಿ ಹಗಲು ಮೈಮೇಲೆ ಇಲ್ಲದ್ದರಿಂದ ಅದಕ್ಕೆ ಇದು ನಾಟುವುದಿಲ್ಲ. ಡಯಾಟಮ್ ಪುಡಿ ಎಂದರೆ ಸೂಕ್ಷ್ಮ ಪಾಚಿಗಳ ಪಳೆಯುಳಿಕೆಯ ಪುಡಿ, ಅದು ನುಸಿಯ ಮೈಮೇಲಿನ ಮೇಣದ ಪದರವನ್ನು ಹೀರಿ ಒಣಗಿಸಿ ಕೊಲ್ಲುತ್ತದೆ. ತೇವ ತಗಲಿದರೆ ಅದರ ಶಕ್ತಿ ಹೋಯಿತು, ಹಾಗಾಗಿ ಮಲೆನಾಡು ಕರಾವಳಿಯ ಜುಲೈನಲ್ಲಿ ದುಡ್ಡು ದಂಡ. ನಿಮ್ಮ ಕಡೆಯ ಒಣ ಹವೆಯಲ್ಲಿ, ಶುಚಿ ಮಾಡಿದ ಮೇಲೆ ಸಂದಿಗಳಿಗೆ ಬ್ರಷ್ಷಿನಿಂದ ತುಂಬಿದರೆ ಕೆಲಸ ಮಾಡುತ್ತದೆ. ಮೂಗಿಗೆ ಮಾಸ್ಕ್ ಬೇಕೇ ಬೇಕು, ಕೋಳಿ ಒಳಗಿರುವಾಗ ಎರಚಬಾರದು.

ಪ್ರಶ್ನೆ: ನಮ್ಮಲ್ಲಿ ಕೋಳಿಯೇ ಇಲ್ಲ. ಎ.ಸಿ. ಪೆಟ್ಟಿಗೆಯ ಹಿಂದೆ ಪಾರಿವಾಳ ಗೂಡು ಕಟ್ಟಿತ್ತು, ಮರಿ ಹಾರಿಹೋದವು. ಒಂದು ವಾರದಿಂದ ರಾತ್ರಿ ಮೈಯೆಲ್ಲ ಕಡಿತ. (ಬೆಂಗಳೂರಿನ ಓದುಗರು)

ಉತ್ತರ: ಇದೇ ಕೆಂಪು ನುಸಿ ಪಾರಿವಾಳ, ಗುಬ್ಬಿಗಳ ಗೂಡಿನಲ್ಲೂ ಇರುತ್ತದೆ. ಹಕ್ಕಿ ಹೋದ ಮೇಲೆ ಹಸಿದು ಕಿಟಕಿ ಸಂದಿಯಿಂದ ಒಳಗೆ ಬರುತ್ತದೆ. ಮನುಷ್ಯರ ಮೇಲೆ ಅದು ನೆಲೆಯೂರುವುದಿಲ್ಲ, ಕಚ್ಚಿ ಬಿಡುತ್ತದೆ. ಮೊದಲು ಗೂಡು ತೆಗೆಯಿರಿ: ಮಾಸ್ಕ್, ಕೈಗವಸು ಹಾಕಿ, ಒಣ ಹಿಕ್ಕೆಯ ಧೂಳು ಏಳದಂತೆ ಸೋಪು ನೀರು ಚಿಮುಕಿಸಿ, ಚೀಲಕ್ಕೆ ತುಂಬಿ ಕಟ್ಟಿ. ಮೊಟ್ಟೆ, ಮರಿ ಇದ್ದರೆ ಅವು ಹಾರುವ ತನಕ ಕಾಯಿರಿ. ಕಿಟಕಿ ಚೌಕಟ್ಟು, ಹಾಸಿಗೆ ಅಂಚಿಗೆ ವ್ಯಾಕ್ಯೂಮ್ ಹಿಡಿದು ಅದರ ಚೀಲವನ್ನು ಕೂಡಲೇ ಹೊರಹಾಕಿ. ಹೊದಿಕೆಗಳನ್ನು 60 ಡಿಗ್ರಿ ನೀರಿನಲ್ಲಿ ಒಗೆಯಿರಿ. ಗೂಡಿದ್ದ ಜಾಗಕ್ಕೆ ಜಾಲರಿ ಹಾಕಿಸಿ. ಗೂಡು ಹಾಗೇ ಬಿಟ್ಟು ಚರ್ಮಕ್ಕೆ ಮುಲಾಮು ಹಚ್ಚಿದರೆ ತುರಿಕೆ ಮುಗಿಯುವುದಿಲ್ಲ.

ಪ್ರಶ್ನೆ: ಇಂಗ್ಲೆಂಡಿನಲ್ಲಿದ್ದೇವೆ. ತೋಟದಲ್ಲಿ ನಾಲ್ಕು ಕೋಳಿ, ಮರದ ರೆಡಿಮೇಡ್ ಗೂಡು. ಚಳಿಗಾಲದಲ್ಲಿ ನುಸಿ ಸತ್ತವು ಎಂದುಕೊಂಡೆವು, ಮೇ ತಿಂಗಳಲ್ಲಿ ಮತ್ತೆ ಬಂದವು.

ಉತ್ತರ: ಚಳಿಗೆ ಅವು ಸಾಯುವುದಿಲ್ಲ, ಸುಮ್ಮನಿರುತ್ತವೆ. ತಂಪಿನಲ್ಲಿ ಆಹಾರವಿಲ್ಲದೆ ಎಂಟು ತಿಂಗಳವರೆಗೂ ಉಳಿಯಬಲ್ಲವು. ನಿಮ್ಮ ಗೂಡಿನ ಮಾಡಿಗೆ ಕಪ್ಪು ರೂಫಿಂಗ್ ಫೆಲ್ಟ್ (ಟಾರು ಬಳಿದ ಹೊದಿಕೆ ಹಾಳೆ) ಹೊದಿಸಿದ್ದರೆ ಅದರ ಅಡಿ ನೋಡಿ, ಆ ದೇಶದ ಗೂಡುಗಳಲ್ಲಿ ನುಸಿಯ ಮುಖ್ಯ ಠಾಣೆ ಅದೇ. ಫೆಲ್ಟ್ ಕಿತ್ತು ಸುಕ್ಕು ತಗಡಿನಂಥ ಶೀಟ್ ಹಾಕಿ, ಕೀಲುಗಳಿಗೆ ಸ್ಟೀಮ್ ಕ್ಲೀನರ್ ಹಿಡಿಯಿರಿ. ಫೆಬ್ರವರಿ ಮಾರ್ಚಿನಲ್ಲಿ, ಅವು ಏಳುವ ಮೊದಲೇ, ಇದನ್ನು ಮಾಡಿದರೆ ಅರ್ಧ ಕೆಲಸ. ಯುರೋಪಿನಲ್ಲಿ 2017ರಲ್ಲಿ ಅನುಮತಿ ಪಡೆದ ಫ್ಲುರಲಾನರ್ ಕುಡಿಯುವ ನೀರಿನಲ್ಲಿ ಕೊಡುವ ಔಷಧಿ: ಕಿಲೋ ತೂಕಕ್ಕೆ 0.5 ಮಿಲಿಗ್ರಾಂ, ಏಳು ದಿನದ ಅಂತರದಲ್ಲಿ ಎರಡು ಸಲ. ರಕ್ತ ಕುಡಿದ ನುಸಿ ಸಾಯುತ್ತದೆ, ಮೊಟ್ಟೆ ತಿನ್ನುವುದನ್ನು ನಿಲ್ಲಿಸುವ ಅಗತ್ಯವಿಲ್ಲ. ಪಶುವೈದ್ಯರ ಚೀಟಿ ಬೇಕು. ನಾಲ್ಕು ಕೋಳಿಗೆ ಅಳತೆ ತಪ್ಪುವುದು ಸುಲಭವಾದ್ದರಿಂದ ಅವರೇ ಅಳೆದು ಕೊಡಲಿ.

ಪ್ರಶ್ನೆ: ಹೊಸ ಗೂಡು ಕಟ್ಟಿಸುತ್ತಿದ್ದೇವೆ, ಹದಿನೈದು ಕೋಳಿಗೆ. ನುಸಿ ಬಾರದಂತೆ ಹೇಗಿರಬೇಕು? (ಪುತ್ತೂರಿನ ಓದುಗರು)

ಉತ್ತರ: ಕೇಳಿದ್ದು ಒಳ್ಳೆಯದಾಯಿತು, ಕಟ್ಟುವಾಗ ಮಾಡಿದ್ದು ಆಮೇಲೆ ಮಾಡಲಾಗದು. ಚೌಕಟ್ಟು ಚೌಕ ಕಬ್ಬಿಣದ ಕೊಳವೆಯದ್ದಿರಲಿ, ತುದಿಗಳನ್ನು ಬೆಸುಗೆ ಹಾಕಿಸಿ ಮುಚ್ಚಿಸಿ. ಗೂಡು ನೆಲದಿಂದ ಎರಡೂವರೆ ಅಡಿ ಎತ್ತರ, ಮನೆ ಗೋಡೆಯಿಂದ ಕನಿಷ್ಠ ಒಂದು ಅಡಿ ದೂರ. ಹಲಗೆಯ ಎರಡು ಪದರ ಎಲ್ಲೂ ಬೇಡ, ಪದರದ ನಡುವಿನ ಜಾಗವೇ ನುಸಿಗೆ ಬೇಕಾದ್ದು.

ಹೆಚ್ಚು ಗಮನ ಅಡ್ಡಗೋಲಿಗೆ ಕೊಡಿ. ಎರಡು ಅಂಗುಲ ಅಗಲ, ತೊಗಟೆ ಇಲ್ಲದ, ನಯವಾಗಿ ಉಜ್ಜಿ ಅಂಚು ದುಂಡಾಗಿಸಿದ ಒಂದೇ ತುಂಡಿನ ಮರ. ಕೋಳಿಗೆ 8 ಅಂಗುಲದಂತೆ ಹದಿನೈದಕ್ಕೆ 10 ಅಡಿ, ಅಂದರೆ 5 ಅಡಿಯ ಎರಡು ಕೋಲು. ಅದು ಗೋಡೆಗೆ ಎಲ್ಲೂ ತಾಗಬಾರದು. ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸಿ, ಪ್ರತಿ ಕಾಲಿನ ನಡುಭಾಗಕ್ಕೆ ಮೂರು ಬೆರಳು ಅಗಲ ಗ್ರೀಸ್ ಪಟ್ಟಿ ಹಚ್ಚಿ. ನುಸಿ ಹಾರುವುದಿಲ್ಲ, ನಡೆದೇ ಬರಬೇಕು. ಗ್ರೀಸಿಗೆ ಧೂಳು ಕೂತು ಗಟ್ಟಿಯಾದರೆ ಅದರ ಮೇಲೇ ದಾಟುತ್ತವೆ, ಹದಿನೈದು ದಿನಕ್ಕೊಮ್ಮೆ ಕೆರೆದು ಹೊಸದು ಹಚ್ಚಿ. ಜೇಡರ ಬಲೆಯ ಒಂದು ಎಳೆ, ನೇತುಬಿದ್ದ ಹುಲ್ಲುಕಡ್ಡಿ ಕೂಡ ಅವಕ್ಕೆ ಸೇತುವೆಯೇ. ಕೋಲನ್ನು ಮೊಳೆ ಹೊಡೆದು ಕೂರಿಸದೆ ಎತ್ತಿ ತೆಗೆಯುವಂತೆ ಇಡಿ. ಮೊಟ್ಟೆಗೆ ಬುಟ್ಟಿಯ ಬದಲು ಪ್ಲಾಸ್ಟಿಕ್ ಟಬ್ ಇರಲಿ, ತೊಳೆಯಲು ಸುಲಭ.

ಹೊಸ ಕೋಳಿ ತಂದರೆ ಎರಡು ವಾರ ಬೇರೆ ಇರಿಸಿ. ಸಂತೆಯಿಂದ ತಂದ ಕುಕ್ಕೆ, ಬೇರೆಯವರ ಮೊಟ್ಟೆ ಟ್ರೇ ಗೂಡಿನ ಹತ್ತಿರ ಬರಬಾರದು. ಕೋಳಿಗಿಂತ ಹೆಚ್ಚಾಗಿ ಇವುಗಳ ಮೂಲಕವೇ ನುಸಿ ಊರೂರು ತಿರುಗುತ್ತದೆ.

ಪ್ರಶ್ನೆ: ಕೋಳಿಗಳನ್ನೆಲ್ಲ ಮಾರಿ ಎರಡು ತಿಂಗಳು ಗೂಡು ಖಾಲಿ ಬಿಟ್ಟರೆ ಸಾಕೇ? ನುಸಿ ಪೂರ್ತಿ ಹೋಯಿತೆಂದು ತಿಳಿಯುವುದು ಹೇಗೆ? (ಸಾಗರದ ಓದುಗರು)

ಉತ್ತರ: ಎರಡು ತಿಂಗಳು ಸಾಲದು, ನಿಮ್ಮ ತಂಪಿನಲ್ಲಿ ಅರ್ಧ ವರ್ಷವೂ ಸಾಲದೆ ಹೋಗಬಹುದು. ಕೋಳಿ ಮಾರುವ ಅಗತ್ಯವೂ ಇಲ್ಲ. ಮೂರು ಸುತ್ತು ಶುಚಿ ಮಾಡಿ, ಆಮೇಲೆ ಬಲೆ ಇಟ್ಟು ಎಣಿಸಿ.

ಟಿವಿ, ಫ್ಯಾನ್ ಬರುವ ಪೆಟ್ಟಿಗೆಯ ಸುಕ್ಕು ರಟ್ಟನ್ನು ಅಂಗೈಯಷ್ಟು ಕತ್ತರಿಸಿ, ಒಂದು ಬದಿಯ ಕಾಗದ ಸುಲಿದು ಒಳಗಿನ ಸುಕ್ಕು ಹೊರಕಾಣುವಂತೆ ಮಾಡಿ. ಸುಕ್ಕಿನ ಬದಿ ಮರಕ್ಕೆ ಒತ್ತಿರುವಂತೆ ಅಡ್ಡಗೋಲಿನ ಅಡಿ, ತುದಿಯಿಂದ ಗೇಣು ದೂರದಲ್ಲಿ ದಾರದಿಂದ ಬಿಗಿಯಾಗಿ ಕಟ್ಟಿ. ಕೋಲಿಗೆ ಎರಡರಂತೆ ಸಾಕು. ರಕ್ತ ಕುಡಿದ ನುಸಿ ಹತ್ತಿರದ ಸಂದಿ ಎಂದು ಅದರೊಳಗೆ ಸೇರುತ್ತದೆ. ಎರಡು ರಾತ್ರಿ ಬಿಟ್ಟು ಹಗಲು ಬಿಚ್ಚಿ, ನೇರ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಿಳಿ ಕಾಗದದ ಮೇಲೆ ತಟ್ಟಿ ಎಣಿಸಿ, ರಟ್ಟನ್ನು ಸುಟ್ಟುಬಿಡಿ. ವಾರಕ್ಕಿಂತ ಹೆಚ್ಚು ದಿನ ಬಿಟ್ಟರೆ ನೀವೇ ನುಸಿಗೆ ಹೊಸ ಮನೆ ಕಟ್ಟಿಕೊಟ್ಟಂತೆ, ಅದರಲ್ಲೇ ಮೊಟ್ಟೆಯಿಟ್ಟು ಮರಿ ಮಾಡುತ್ತವೆ.

ಕಾಗದದ ಮೇಲೆ ಹತ್ತಿಪ್ಪತ್ತು ನುಸಿ ಬಿದ್ದರೆ ಆ ಕೋಲಿನ ತುದಿಗೆ ಮತ್ತೆ ಸಿರಿಂಜ್ ಹಿಡಿಯಿರಿ. ನೂರು ದಾಟಿದರೆ ಇಡೀ ಗೂಡಿಗೆ ಮತ್ತೆ ಮೂರು ಸುತ್ತು. ವಾರಕ್ಕೊಂದರಂತೆ ಸತತ ನಾಲ್ಕು ಬಲೆ ಖಾಲಿ ಬಂದ ಮೇಲೆ ತಿಂಗಳಿಗೊಂದು ಸಾಕು. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ಹದಿನೈದು ದಿನಕ್ಕೊಂದು ಇಡಿ. ಈ ನಡುವೆ ಬಿಳಿಚಿದ ಕೋಳಿಗಳಿಗೆ ನುಗ್ಗೆ ಸೊಪ್ಪು, ಒಣಮೀನಿನ ಪುಡಿ, ನೆನೆಸಿದ ರಾಗಿ ಕೊಡಿ. ಎರಡು ಮೂರು ವಾರದಲ್ಲಿ ಜುಟ್ಟು ಕೆಂಪಾಗದಿದ್ದರೆ ಜಂತುಹುಳುವಿನ ಔಷಧಿಯ ಬಗ್ಗೆ ಪಶುವೈದ್ಯರನ್ನು ವಿಚಾರಿಸಿ.